ಬ್ರೇಕ್ ಮೇಷ್ಟ್ರ ಬಲಗಾಲು

ಊರಿನ ಅರ್ಧ ಜನಕ್ಕೆ ಕಾರು ಕಲಿಸಿದವರು ನಮ್ಮ ಬ್ರೇಕ್ ಮೇಷ್ಟ್ರು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲಬಳಿಯೂ ಒಂದು ಬ್ರೇಕ್ ಇರುತ್ತದಲ್ಲ, ಮೇಷ್ಟ್ರ ಬಲಗಾಲು ವರ್ಷಗಟ್ಟಲೆ ಅದರ ಜೊತೆಗೇ ಸಂಸಾರ ಮಾಡಿತ್ತು. ಕಡೆಕಡೆಗೆ ಅದು ಮೇಷ್ಟ್ರ ಮಾತನ್ನೂ ಕೇಳದಂತಾಯಿತು. ಮನೆಯಲ್ಲಿ ಹಾಲು ಉಕ್ಕಿದರೆ ನೆಲ ಒತ್ತುತ್ತಿತ್ತು. ಕ್ಷೌರದಂಗಡಿಯಲ್ಲಿ ಕತ್ತರಿ ಕಿವಿಯ ಹತ್ತಿರ ಬಂದರೂ ಒತ್ತುತ್ತಿತ್ತು. ಯಾರಾದರೂ ಗಡಿಬಿಡಿಯಲ್ಲಿ ಮಾತಾಡಿದರಂತೂ ಕಾಲು ಒತ್ತುವುದರ ಜೊತೆಗೆ ಬಾಯಿಯೂ ‘ನಿಧಾನ, ನಿಧಾನ’ ಎನ್ನುತ್ತಿತ್ತು.

ಈ ಸೌಭಾಗ್ಯವನ್ನು ಹೆಚ್ಚು ಅನುಭವಿಸಿದವರು ಅವರ ಹೆಂಡತಿ. ಪೇಪರನ್ನು ಕೊನೆಯ ಜಾಹೀರಾತಿನವರೆಗೂ ಬಿಡದೆ ಓದುವ ಚುರುಕು ಹೆಂಗಸು. ಆದರೆ ಓದಿದ್ದನ್ನು ಹೇಳಲು ಹೊರಟರೆ ಎರಡನೇ ಮಾತಿಗೇ ಗಂಡನ ‘ನಿಧಾನ’ ಅಡ್ಡ ಬರುತ್ತಿತ್ತು. ಮದುವೆಯಾದ ಹೊಸದರಲ್ಲಿ ಮೇಷ್ಟ್ರು ಆಕೆಗೂ ಕಾರು ಕಲಿಸಲು ಹೋಗಿದ್ದರು. ಮೊದಲ ತಿರುವು ಬರುವಷ್ಟರಲ್ಲಿ ಅದೆಷ್ಟು ಸಲ ಬ್ರೇಕ್ ಹಾಕಿದರೋ, ಆಕೆ ಇಳಿದು ನಡೆದೇ ಮನೆ ಸೇರಿದರು. ಮತ್ತೆ ಆ ಸುದ್ದಿ ಎತ್ತಲಿಲ್ಲ.

ಹೀಗಿರುವಾಗ ಟೀವಿಯವರು ಗಂಡ ಹೆಂಡತಿ ಜೋಡಿಗಳಿಗೆ ಒಂದು ಕ್ವಿಜ್ ಮಾಡಹೊರಟರು. ಮೊದಲು ಒಂದೇ ಕಂತು ತೆಗೆದು ಚಾನೆಲ್ಲಿನ ದೊಡ್ಡವರಿಗೆ ತೋರಿಸುವುದು, ಅವರು ಹೂಂ ಅಂದರೆ ವಾರವಾರವೂ ನಡೆಸುವುದು. ಹೆಂಡತಿ ಅರ್ಜಿ ಹಾಕಿದರು, ಆಯ್ಕೆಯೂ ಆಯಿತು. ಆಕೆಯ ಮುಖ ನೋಡಬೇಕಿತ್ತು!

“ರೀ, ನನಗೆ ಗೊತ್ತಿರೋದನ್ನ ಒಂದು ದಿನವಾದ್ರೂ ನಾಲ್ಕು ಜನ ಪೂರ್ತಿ ಕೇಳ್ಲಿ. ನೀವು ಸುಮ್ನೆ ಪಕ್ಕದಲ್ಲಿ ನಿಂತ್ಕೊಳ್ಳಿ, ಅಷ್ಟು ಸಾಕು.”

ನಿಂತುಕೊಳ್ಳುವುದು ಏನು ಮಹಾ ಎಂದುಕೊಂಡು ಮೇಷ್ಟ್ರು ತಲೆಯಾಡಿಸಿದರು.

ಸ್ಟುಡಿಯೋಗೆ ಹೋಗಿ ನೋಡಿದರೆ, ಗಂಟೆ ಬಾರಿಸಲು ಮೇಜಿನ ಕೆಳಗೆ ಪೆಡಲ್! ಒಬ್ಬೊಬ್ಬರಿಗೆ ಒಂದೊಂದು. ಒತ್ತಿದೊಡನೆ ಪ್ರಶ್ನೆ ಅಲ್ಲಿಗೇ ನಿಲ್ಲುತ್ತದೆ, ಒತ್ತಿದವರೇ ಉತ್ತರ ಹೇಳಬೇಕು. ಮೇಷ್ಟ್ರು ಒಮ್ಮೆ ತಮ್ಮ ಬಲಗಾಲಿನ ಕಡೆ ನೋಡಿಕೊಂಡರು. ಪ್ರಶ್ನೆ ಕೇಳುವಾತನೋ, ಮಾತು ಶುರುಮಾಡಿದರೆ ಉಸಿರೇ ತೆಗೆದುಕೊಳ್ಳದ ಆಸಾಮಿ.

“ಪ್ರಪಂಚದಲ್ಲೇ ಅತಿ ಉದ್ದವಾದ...” ಟಣ್!

ಎಲ್ಲರೂ ಮೇಷ್ಟ್ರ ಕಡೆ ತಿರುಗಿದರು. ಏನಾದರೂ ಹೇಳಬೇಕಲ್ಲ, ‘ರಸ್ತೆ’ ಎಂದರು. ತಪ್ಪು. “ಜಿರಾಫೆಯ ಕುತ್ತಿಗೆಯಲ್ಲಿ...” ಟಣ್! ‘ನೋವು’ ಎಂದರು. “ಚಂದ್ರನ ಮೇಲೆ ಮನುಷ್ಯ ಆಡಿದ...” ಟಣ್! ಮೇಷ್ಟ್ರು ಬೆವರೊರೆಸಿಕೊಳ್ಳುತ್ತ ‘ನಿಧಾನ’ ಎಂದರು. ಪ್ರೇಕ್ಷಕರಿಗೆ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಪಕ್ಕದಲ್ಲಿ ಹೆಂಡತಿ ಪ್ರತಿ ಸಲವೂ ಬಾಯಿ ತೆರೆಯುವುದು, ಮುಚ್ಚುವುದು. ನಿರ್ದೇಶಕರು ಬಂದು, ಬಲಗಾಲು ಎತ್ತಿಕೊಂಡೇ ನಿಲ್ಲಿ ಸ್ವಾಮಿ ಎಂದು ಕೈಮುಗಿದರು. ಮೇಷ್ಟ್ರು ಕೊಕ್ಕರೆಯಂತೆ ನಿಂತರು. ಮುಂದಿನ ಪ್ರಶ್ನೆ ಶುರುವಾಯಿತೋ ಇಲ್ಲವೋ, ಆಯತಪ್ಪಿ ಎರಡೂ ಪೆಡಲ್ ಮೇಲೆ ಬಿದ್ದರು.

ಅಂದಿನಿಂದ ಮನೆಯಲ್ಲಿ ಹೆಂಡತಿಯ ಮಾತು ನಿಂತಿತು. ಜಗಳವೂ ಇಲ್ಲ, ಮುನಿಸೂ ಇಲ್ಲ. ಪೇಪರ್ ಓದುವುದು, ಮಡಿಸಿಡುವುದು. ‘ನಿಧಾನ’ ಎನ್ನಲು ಏನೂ ಇಲ್ಲದೆ ಮೇಷ್ಟ್ರಿಗೆ ಮನೆ ಬಿಕೋ ಎನ್ನತೊಡಗಿತು. ಪಕ್ಕದ ಮನೆಯವರು ಕಂಡಾಗಲೆಲ್ಲ, ಟೀವಿಯಲ್ಲಿ ಯಾವಾಗ ಬರುತ್ತೀರಿ ಎಂದು ಕೇಳಿ ಉರಿಯುವ ಬೆಂಕಿಗೆ ತುಪ್ಪ ಸುರಿಯುತ್ತಿದ್ದರು.

ಕಡೆಗೆ ಸ್ಟುಡಿಯೋದಿಂದ ಫೋನ್ ಬಂತು. ಒಂದು ಪ್ರಶ್ನೆಯೂ ಕೊನೆ ಮುಟ್ಟದ ಕ್ವಿಜ್ ಯಾರಿಗೆ ಬೇಕು ಎಂದು ಚಾನೆಲ್ಲಿನವರು ಎದ್ದುಹೋದರಂತೆ. ಆ ಕಂತೂ ಬರುವುದಿಲ್ಲ, ಮುಂದಿನದೂ ಇಲ್ಲ. ಸದ್ಯ, ಮಾನ ಉಳಿಯಿತು ಎಂದುಕೊಳ್ಳುತ್ತಲೇ ಮೇಷ್ಟ್ರು ಹೆಂಡತಿಯ ಕಡೆ ನೋಡಿದರು. ಆಕೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

“ತಪ್ಪಾಯ್ತು ಕಣೇ. ನಿನ್ನ ಮಾತು ಜನ ಕೇಳೋದಿತ್ತು, ಅದನ್ನೂ ತುಳಿದುಬಿಟ್ಟೆ,” ಎಂದು ಸ್ಕೂಲಿನ ಕಾರಿನ ಕೀಲಿ ಮುಂದೆ ಹಿಡಿದರು. “ಬಾ, ಓಡಿಸು.”

“ನಿಮ್ಮ ಕಾಲು?”

ಊರಾಚೆಯ ಒಂದು ಕಾರ್ಖಾನೆಯ ಹಿಂದಿನ ಖಾಲಿ ರಸ್ತೆಯಲ್ಲಿ ಆಕೆಯನ್ನು ಸ್ಟೇರಿಂಗ್ ಮುಂದೆ ಕೂರಿಸಿ, ಮೇಷ್ಟ್ರು ಪಕ್ಕದ ಸೀಟಿನ ಮೇಲೆ ಊಟಕ್ಕೆ ಕೂತವರ ಹಾಗೆ ಚಕ್ಕಳಮಕ್ಕಳ ಹಾಕಿದರು. ಗೇರು ಕಿರುಚಿತು, ಕಾರು ಕುಪ್ಪಳಿಸಿತು. ಮೇಷ್ಟ್ರು ಎರಡೂ ಕೈಯಲ್ಲಿ ಪಾದ ಬಿಗಿಹಿಡಿದು ಕೇಳಿದರು:

“ಪ್ರಪಂಚದಲ್ಲೇ ಅತಿ ಉದ್ದವಾದ...”

“ನೆಲದ ಮೇಲಿನ ಪರ್ವತ ಸಾಲು. ಆಂಡಿಸ್.”

“ಜಿರಾಫೆಯ ಕುತ್ತಿಗೆಯಲ್ಲಿ?”

“ಏಳೇ ಮೂಳೆ, ನಮಗಿರೋಷ್ಟೇ. ಚಂದ್ರನ ಮೇಲೆ ಆಡಿದ್ದು ಗಾಲ್ಫ್. ಚೆಂಡು ತಂದ್ಕೊಡೋರು ಯಾರೂ ಇಲ್ಲ, ಪಾಪ, ಅಲ್ಲೇ ಬಿಟ್ಟು ಬಂದ್ರು...”

ಆಕೆ ಹೇಳುತ್ತಲೇ ಹೋದರು, ಕಾರೂ ಹೋಯಿತು. ನಡುವೆ ಯಾರೂ ಏನೂ ಒತ್ತಲಿಲ್ಲ. ರಸ್ತೆಯ ಕೊನೆಯಲ್ಲಿ ಆಕೆಯೇ ಬ್ರೇಕ್ ಹಾಕಿ ನಿಲ್ಲಿಸಿ, ಮನೆಯವರೆಗೆ ಗಂಡನೇ ಓಡಿಸಲೆಂದು ಇಳಿದು ಬಂದರು. ಮೇಷ್ಟ್ರು ಮಾತ್ರ ಅಲ್ಲಾಡಲಿಲ್ಲ. ಎರಡೂ ಕಾಲು ಜೋಮು ಹಿಡಿದು ಮರಗಟ್ಟಿದ್ದವು.

ಹೆಂಡತಿ ಬಾಗಿಲು ತೆರೆದು ಕೈ ಚಾಚಿದರು.

“ನಿಧಾನ,” ಎಂದರು, “ನಿಧಾನ.”