ಕಂಡಂತೆ ಬಿಟ್ಟ ದಣಪೆ

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ರವಿಕೆ ಬಟ್ಟೆಯ ಸಗಟು ಅಂಗಡಿ ಇಟ್ಟಿರುವ ಪ್ರಸನ್ನಕುಮಾರ್ ಇಂಗ್ಲೆಂಡಿಗೆ ಹೋಗಿದ್ದು ಒಂದೇ ಒಂದು ತಿಂಗಳು. ಆದರೆ ಬಂದು ವರ್ಷವಾದರೂ ಅವರಿನ್ನೂ ಪೂರ್ತಿ ವಾಪಸು ಬಂದಿಲ್ಲ ಎಂದು ಹೆಂಡತಿ ತನುಜಾ ಮನೆಗೆ ಬಂದವರೆದುರು ಆಡಿಕೊಳ್ಳುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಐವತ್ತು ದಾಟಿದ ಮೇಲೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡಾಗ ಡಾಕ್ಟರು ದಿನಾ ನಡೆಯಿರಿ ಎಂದಿದ್ದರು. ಬಜಾರಿನ ಮನುಷ್ಯ ನಡೆಯುವುದಕ್ಕೆ ಹೊರಟರೆ ಸಿಕ್ಕವರೆಲ್ಲ ಕಾಫಿಗೆ ಕರೆಯುತ್ತಾರೆ, ಕಾಫಿಗೆ ಎರಡು ಚಮಚ ಸಕ್ಕರೆ. ಅದಕ್ಕೇ ಪ್ರಸನ್ನಕುಮಾರ್ ಸೈಕಲ್ ಹಿಡಿದರು. ಹಿಡಿದವರು ಬಿಡಲಿಲ್ಲ. ಭಾನುವಾರ ಬೆಳಗಾದರೆ ಹತ್ತಾರು ಜನ ಅವರ ಹಿಂದೆ ಹೊರಡುವಂತಾಯಿತು. ಬಟ್ಟೆ ಅಂಗಡಿಯ ಗಲ್ಲಾದ ಮೇಲೆ ಯಾರೂ ಅವರನ್ನು ಗುರು ಎಂದು ಕರೆದಿರಲಿಲ್ಲ. ಸೈಕಲ್ಲಿನ ಮೇಲೆ ಕರೆದರು. ಆ ಮಾತು ಅವರಿಗೆ ಹಿಡಿಸಿತು, ಸ್ವಲ್ಪ ಹೆಚ್ಚಾಗಿಯೇ ಹಿಡಿಸಿತು.

ಆಮೇಲೆ ಇಂಗ್ಲೆಂಡ್ ಬಂತು. ತನುಜಾರ ತಂಗಿ ಶ್ರಾಪ್‌ಶೈರ್ ಕಡೆಯ ಒಂದು ಸಣ್ಣ ಊರಿನಲ್ಲಿ ನರ್ಸು. ಆಕೆಯ ಪಕ್ಕದ ಮನೆಯ ಜೆಫ್ರಿ, ನಿವೃತ್ತ ಪೋಸ್ಟ್‌ಮನ್, ಬಂದ ನೆಂಟರಿಗೆ ಒಂದು ಸೈಕಲ್ ಕೊಟ್ಟು ಗುಡ್ಡದ ದಾರಿಗಳಿಗೆ ಕರೆದೊಯ್ದ. ದಾರಿ ಎಂದರೆ ಒಂದು ಕಾರು ಹಿಡಿಯುವಷ್ಟು ಅಗಲ, ಎರಡೂ ಕಡೆ ಎದೆಮಟ್ಟದ ಹಸಿರು ಬೇಲಿ, ನಡುವೆ ಟಾರಿನ ಮೇಲೇ ಹುಲ್ಲು. ಹುಲ್ಲು ಹೆಚ್ಚಿದ್ದಷ್ಟೂ ದಾರಿ ಒಳ್ಳೆಯದು ಎಂಬುದು ಜೆಫ್ರಿಯ ಲೆಕ್ಕ. ಅವನ ನಕ್ಷೆಯಲ್ಲಿ ಏರುಗಳಿಗೆ ಬಾಣದ ಗುರುತಿತ್ತು. ಒಂದು ಬಾಣವಿದ್ದರೆ ಉಸಿರು ಕಟ್ಟುತ್ತದೆ, ಎರಡಿದ್ದರೆ ಇಳಿದು ತಳ್ಳಬೇಕು. ಒಂದು ತಿರುವಿನಲ್ಲಿ ಎದುರು ಬಂದ ಕಾರು ಇವರಿಗಾಗಿ ಹಿಂದೆ ಸರಿದು ನಿಂತಿತು, ಒಳಗಿದ್ದ ಹೆಂಗಸು ಕೈ ಎತ್ತಿದಳು. ಪ್ರಸನ್ನಕುಮಾರರ ಕಣ್ಣಲ್ಲಿ ನೀರು ಬಂತು. ಬಿ.ಎಚ್. ರಸ್ತೆಯಲ್ಲಿ ಸಿಟಿ ಬಸ್ಸಿನ ಹಾರ್ನಿಗೆ ಹೆದರಿ ಚರಂಡಿಗೆ ಇಳಿದು ಅಭ್ಯಾಸವಾದವರಿಗೆ ಮರ್ಯಾದೆ ಸಿಕ್ಕಿದರೆ ಹಾಗೇ ಆಗುತ್ತದೆ.

ಕುರಿ ಮೇಯುವ ಗುಡ್ಡಗಳಲ್ಲಿ ದಾರಿಗೆ ಅಡ್ಡ ಗೇಟುಗಳಿದ್ದವು. ಜೆಫ್ರಿ ಒಂದು ನಿಯಮ ಹೇಳಿಕೊಟ್ಟ: ಗೇಟು ಹೇಗೆ ಕಂಡಿತೋ ಹಾಗೇ ಬಿಡಬೇಕು. ಮುಚ್ಚಿದ್ದರೆ ದಾಟಿ ಮುಚ್ಚು. ತೆರೆದಿದ್ದರೆ ತೆರೆದೇ ಇರಲಿ, ಕುರಿ ನೀರಿಗೆ ಹೋಗಲೆಂದು ರೈತನೇ ತೆರೆದಿಟ್ಟಿರುತ್ತಾನೆ. ಈ ಮಾತು ಪ್ರಸನ್ನಕುಮಾರರಿಗೆ ಮಂತ್ರೋಪದೇಶದಂತೆ ಕೇಳಿಸಿತು. ಶಿವಮೊಗ್ಗಕ್ಕೆ ಬಂದವರೇ ಸೈಕಲ್ ಬಳಗದ ಒಬ್ಬೊಬ್ಬರಿಗೂ ಹೇಳಿದರು, ಕೇಳದವರಿಗೂ ಹೇಳಿದರು. ನಮ್ಮ ಜನಕ್ಕೆ ಶಿಸ್ತಿಲ್ಲ ಎಂದು ಕೊನೆಗೊಂದು ಸೇರಿಸುವುದನ್ನೂ ಮರೆಯುತ್ತಿರಲಿಲ್ಲ.

ಶಿವಮೊಗ್ಗದಿಂದ ಭದ್ರಾವತಿಗೆ ಹೆದ್ದಾರಿ ಮುಟ್ಟದೆ ಹೋಗುವ ಒಂದು ದಾರಿಯನ್ನು ಅವರು ಮೊದಲೇ ಹುಡುಕಿಟ್ಟಿದ್ದರು. ಉಂಬ್ಳೇಬೈಲು ಕಡೆಯ ಗುಡ್ಡ ಹತ್ತಿ ಇಳಿದು, ಆಮೇಲೆ ಕಾಲುವೆಯ ಏರಿ ಹಿಡಿದು, ಭದ್ರಾವತಿಯಲ್ಲಿ ಒಬ್ಬ ತಮಿಳು ಅಮ್ಮನ ಹೋಟೆಲಿನಲ್ಲಿ ಇಡ್ಲಿ ತಿಂದು ಮುಗಿಸುವ ದಾರಿ. ನಡುವೆ ಒಂದು ತುಂಡು ಮಣ್ಣುದಾರಿ ತುಂಗಮ್ಮ ಎಂಬ ವಿಧವೆಯ ಜಮೀನಿನಲ್ಲೇ ಹಾದುಹೋಗುತ್ತದೆ. ಅದರ ಬಾಯಿಗೆ ದಣಪೆ. ಎರಡು ಕಲ್ಲುಕಂಬದ ತೂತುಗಳಲ್ಲಿ ಬಿದಿರಿನ ಗಳು ಅಡ್ಡ ತೂರಿಸಿ ದನ ತಡೆಯುವ ನಮ್ಮ ಹಳೇ ಗೇಟು. ಮೊದಲ ಸಲ ಪ್ರಸನ್ನಕುಮಾರ್ ಅನುಮತಿ ಕೇಳಿದಾಗ ತುಂಗಮ್ಮ ನಕ್ಕಿದ್ದರು.

"ದಾರಿ ಇರೋದು ಹೋಗೋಕೆ ಅಲ್ವಾ, ಹೋಗಿ. ಗಳು ಮಾತ್ರ ಹಾಕ್ಕೊಂಡು ಹೋಗಿ."

ಅಷ್ಟೇ. ಆ ಮನೆಯ ನಿಯಮ ಅಷ್ಟೇ ಉದ್ದ. ದಾಟಿದವರು ಗಳು ಹಾಕಬೇಕು, ಮೊದಲು ಹಾಕಿತ್ತೋ ಇಲ್ಲವೋ ಎಂಬ ಪ್ರಶ್ನೆಯೇ ಇಲ್ಲ. ಇದನ್ನು ಈ ಸೀಮೆಯ ಮೂರು ವರ್ಷದ ಮಗುವೂ ಬಲ್ಲದು. ಇಂಗ್ಲೆಂಡಿಗೆ ಹೋಗುವ ಮೊದಲು ಪ್ರಸನ್ನಕುಮಾರರೂ ಬಲ್ಲವರಾಗಿದ್ದರು.

ಕಳೆದ ಮಾಗಿಯ ಒಂದು ಭಾನುವಾರ ಬಳಗ ಅಲ್ಲಿಗೆ ಬಂದಾಗ ದಣಪೆಯ ಗಳುಗಳು ಕೆಳಗೆ ಬಿದ್ದಿದ್ದವು. ಎಲ್ಲರೂ ಸೈಕಲ್ ದಾಟಿಸಿದರು. ಕೊನೆಗೆ ಬಂದ ಆಕರ್ಷ, ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವನು, ಬಗ್ಗಿ ಒಂದು ಗಳು ಎತ್ತಿಕೊಂಡ.

"ಇಡು ಮಾರಾಯ ಅದನ್ನ," ಎಂದರು ಪ್ರಸನ್ನಕುಮಾರ್.

"ದನ ನಿಂತಿದೆ ಸರ್ ಅಲ್ಲಿ."

ನಿಂತಿತ್ತು. ಕೆಂದು ಬಣ್ಣದ ಹಸು, ರಸ್ತೆಯಂಚಿನಲ್ಲಿ ಇವರನ್ನೇ ನೋಡುತ್ತಿತ್ತು. ಪ್ರಸನ್ನಕುಮಾರ್ ನೋಡಿದರು. ನೋಡಿಯೂ, ಬಿದ್ದ ಗಳುಗಳ ಪಕ್ಕ ನಿಂತು, ಇನ್ನೊಬ್ಬ ಮೊಬೈಲು ಹಿಡಿದದ್ದನ್ನು ಗಮನಿಸಿ, ಕೊರಳು ಸರಿಮಾಡಿಕೊಂಡು, ಕಂಡಂತೆ ಬಿಡುವ ನಿಯಮವನ್ನು ಜೆಫ್ರಿಯ ಸಮೇತ ವಿವರಿಸಿದರು. ತೆರೆದಿಟ್ಟವರಿಗೆ ಕಾರಣ ಇರುತ್ತೆ, ನಾವು ಬುದ್ಧಿವಂತರಾಗೋಕೆ ಹೋಗಬಾರದು ಎಂದರು. ಆಕರ್ಷ ಗಳು ಕೆಳಗಿಟ್ಟ. ಆ ವಿಡಿಯೋಗೆ ಬಳಗದ ವಾಟ್ಸಾಪ್ ಗುಂಪಿನಲ್ಲಿ ಹೆಬ್ಬೆರಳುಗಳ ಸುರಿಮಳೆ. ಪ್ರಸನ್ನಕುಮಾರರ ಭುಜದ ಹಿಂದೆ ಹಸು ಸ್ಪಷ್ಟವಾಗಿ ಕಾಣುತ್ತಿತ್ತು, ಯಾರೂ ಹಸುವನ್ನು ನೋಡಲಿಲ್ಲ.

ಎರಡು ವಾರ ಬಿಟ್ಟು ಮತ್ತೆ ಅದೇ ದಾರಿ. ಈ ಸಲ ದಣಪೆಯಲ್ಲಿ ಗಳುಗಳಲ್ಲದೆ ಹಗ್ಗವೂ ಇತ್ತು. ಒಳಗೆ ಅಂಗಳದ ಪಕ್ಕದ ಚಪ್ಪರದಡಿ ಅಡಿಕೆ ಸಸಿಯ ಪ್ಲಾಸ್ಟಿಕ್ ಚೀಲಗಳು ಸಾಲು ಸಾಲು. ಚೀಲಗಳಿದ್ದವು, ಸಸಿಗಳಿರಲಿಲ್ಲ, ಬೆರಳುದ್ದದ ಮೊಂಡು ದಂಟುಗಳು ಮಾತ್ರ ಉಳಿದಿದ್ದವು. ಬಳಗಕ್ಕೆ ಮಜ್ಜಿಗೆ ಕೊಡುತ್ತ ತುಂಗಮ್ಮ ತಾವೇ ಹೇಳಿದರು.

"ಎಲ್ಲಾ ನಮ್ಮ ಸೊಸೆ ಸುಶ್ಮಿತಾ ಕೆಲಸ. ಬೀಜಕ್ಕೆ ಗೋಟಡಿಕೆ ಆರಿಸಿ, ಮೊಳಕೆ ಬರಿಸಿ, ಒಂದು ವರ್ಷ ಮಗು ಥರ ನೋಡ್ಕೊಂಡ್ಲು. ಎರಡು ವಾರದ ಹಿಂದೆ ಭಾನುವಾರ ಹುಲ್ಲು ಹೊರೆ ಹೊತ್ಕೊಂಡು ಬಂದೋಳು ಇಳಿಸಿ ಬಂದು ಹಾಕ್ತೀನಿ ಅಂತ ದಣಪೆ ಹಂಗೇ ಬಿಟ್ಟಿದಾಳೆ. ಅಷ್ಟರಲ್ಲಿ ಎರಡು ದನ ಒಳಗೆ. ಅವಳೇ ಬೆಳೆಸಿದ್ಲು, ಅವಳೇ ತಿನ್ನಿಸಿದ್ಲು. ನೆಂಟರೆಲ್ಲ ಕೇಳ್ತಾರೆ, ನನಗೆ ಹೇಳಿ ಹೇಳಿ ಸಾಕಾಗಿದೆ."

ಸುಶ್ಮಿತಾ ಬಾಗಿಲಲ್ಲಿ ಮಜ್ಜಿಗೆ ಚೊಂಬು ಹಿಡಿದು ನಿಂತಿದ್ದಳು. ಇಪ್ಪತ್ತೈದರ ಹುಡುಗಿ, ತಲೆ ಎತ್ತಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಪ್ರಸನ್ನಕುಮಾರ್ ಹೆಗಲೇನೂ ಮುಟ್ಟಿಕೊಳ್ಳಲಿಲ್ಲ. ಅವರು ಅದಕ್ಕಿಂತ ಕೆಟ್ಟದ್ದನ್ನು ಮಾಡಿದರು. ಸುತ್ತಲೂ ಬಳಗವಿತ್ತು, ಏನಾದರೂ ಹೇಳಬೇಕಿತ್ತು, ಬಾಯಿಗೆ ಬಂದದ್ದು ಹಿರಿಯರ ಮಾತೇ.

"ಮುಂದೆ ಸ್ವಲ್ಪ ಜಾಗ್ರತೆ ಇರ್ಬೇಕಮ್ಮ," ಎಂದರು.

"ಹ್ಞೂಂ ಸರ್," ಎಂದಳು ಸುಶ್ಮಿತಾ.

ಆಕರ್ಷ ಮಜ್ಜಿಗೆ ಲೋಟದ ಮೇಲಿಂದ ಅವರನ್ನು ನೋಡಿದ. ಅವತ್ತು ಭದ್ರಾವತಿಯಲ್ಲಿ ಪ್ರಸನ್ನಕುಮಾರ್ ಇಡ್ಲಿ ತಟ್ಟೆಯನ್ನು ಮುಟ್ಟದೆ ಪಕ್ಕಕ್ಕೆ ಸರಿಸಿದರು. ಹೋಟೆಲಿನ ಅಮ್ಮ ಉಡಂಬು ಸರಿ ಇಲ್ಲೆಯಾ, ಮೈ ಹುಷಾರಿಲ್ವಾ ಎಂದು ಕೇಳಿ ಬಿಸಿನೀರು ತಂದಿಟ್ಟರು.

ಮರುದಿನ ಅಂಗಡಿಯಲ್ಲಿ ಹಸಿರು ಬಟ್ಟೆ ಕೇಳಿದವರಿಗೆ ನೀಲಿ ಕೊಟ್ಟರು. ಆ ಹುಡುಗಿಯ "ಹ್ಞೂಂ ಸರ್" ಕಿವಿಯಲ್ಲಿ ಕೂತಿತ್ತು. ಅವರಿಗೆ ನಾಚಿಕೆಯಾಗುತ್ತಿತ್ತು, ಸಸಿ ಹಾಳಾದದ್ದಕ್ಕಿಂತ ಆ ಬುದ್ಧಿವಾದಕ್ಕೆ ಹೆಚ್ಚು ನಾಚಿಕೆಯಾಗುತ್ತಿತ್ತು. ಊರಿಗೆಲ್ಲ ಇಂಗ್ಲೆಂಡಿನ ಮರ್ಯಾದೆ ಕಲಿಸಿದವರು ಒಬ್ಬ ಹುಡುಗಿಯ ತಲೆಯ ಮೇಲೆ ತಮ್ಮ ತಪ್ಪು ಹೊರಿಸಿ, ಮೇಲೆ ಒಂದು ಬುದ್ಧಿಮಾತನ್ನೂ ಇಟ್ಟು ಬಂದಿದ್ದರು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಬೇರೆಯವರಿಗೆ ಎಷ್ಟು ಸಲ ಅಂದಿದ್ದರೋ. ಮಧ್ಯಾಹ್ನ ಅಂಗಡಿಯನ್ನು ಕೆಲಸದವನಿಗೆ ಬಿಟ್ಟು ಒಬ್ಬರೇ ಸೈಕಲ್ ಹತ್ತಿದರು. ಕಾರಿನಲ್ಲಿ ಹೋಗಬಹುದಿತ್ತು. ಮನಸ್ಸು ಬರಲಿಲ್ಲ.

ತುಂಗಮ್ಮ ಅಂಗಳದಲ್ಲಿ ಅಡಿಕೆ ಹರವುತ್ತಿದ್ದರು, ಸುಶ್ಮಿತಾ ಖಾಲಿ ಚೀಲಗಳಿಗೆ ಹೊಸ ಮಣ್ಣು ತುಂಬುತ್ತಿದ್ದಳು. ಪ್ರಸನ್ನಕುಮಾರ್ ಕೂರಲಿಲ್ಲ.

"ಅವತ್ತು ದಣಪೆ ತೆಗೆದಿದ್ದಾಗ ನಾವು ದಾಟಿದ್ವಿ. ನಮ್ಮ ಹುಡುಗ ಹಾಕೋಕೆ ಹೋದ. ನಾನು ಬೇಡ ಅಂದೆ. ಇವಳ ತಪ್ಪಲ್ಲ ತುಂಗಮ್ಮ, ನಂದು."

"ಯಾಕೆ ಬೇಡ ಅಂದ್ರಿ?"

ಆ ಕಡೆ ದೇಶದಲ್ಲಿ ಗೇಟು ಕಂಡಂತೆ ಬಿಡುವುದು ಪದ್ಧತಿ ಎಂದು ಹೇಳಲು ಶುರುಮಾಡಿದರು. ಅಡಿಕೆಯ ನಡುವೆ ನಿಂತು ಆ ಮಾತು ಹೇಳುವುದು ಅವರಿಗೇ ಅಸಹ್ಯವಾಯಿತು. ಅರ್ಧಕ್ಕೆ ನಿಲ್ಲಿಸಿದರು.

ತುಂಗಮ್ಮ ಅಡಿಕೆ ಹರವುವುದನ್ನು ನಿಲ್ಲಿಸಿದರು. "ದನ ಕಾಣಿಸಿತ್ತಾ ನಿಮಗೆ?"

"ಕಾಣಿಸಿತ್ತು."

ತುಂಗಮ್ಮ ಸೊಸೆಯ ಕಡೆ ತಿರುಗಿದರು. ಎರಡು ವಾರ ನೆಂಟರ ಮುಂದೆ ಆಡಿದ್ದೆಲ್ಲ ಅತ್ತೆಯ ಮುಖದ ಮೇಲೆ ವಾಪಸು ಬಂದು ಕೂತಿದ್ದನ್ನು ಪ್ರಸನ್ನಕುಮಾರ್ ಕಂಡರು. ತಮ್ಮ ನಾಚಿಕೆಯನ್ನು ಆ ಮುದುಕಿಗೂ ಹಂಚಿದಂತಾಯಿತಲ್ಲ ಎನಿಸಿತು. ಸುಶ್ಮಿತಾ ಮಣ್ಣಿನ ಕೈ ಸೆರಗಿಗೆ ಒರೆಸಿಕೊಂಡು, "ನಾನೂ ಬೇಗ ಬರ್ಬೇಕಿತ್ತು ಬಿಡಿ," ಎಂದು ಒಳಗೆ ಹೋದಳು. ಒಳಗಿನಿಂದ ಮೂಗು ಸೀಟುವ ಸದ್ದು ಕೇಳಿಸಿತು.

ತೀರ್ಥಹಳ್ಳಿ ಕಡೆಯಿಂದ ಒಳ್ಳೆ ಸಸಿ ತರಿಸಿಕೊಡ್ತೀನಿ ಎಂದು ಪ್ರಸನ್ನಕುಮಾರ್ ಹೇಳಿದರು. ಅವಳನ್ನು ಕೇಳಿ ಹೇಳ್ತೀನಿ ಎಂದರು ತುಂಗಮ್ಮ. ಬೈಯಲಿಲ್ಲ. ಮಜ್ಜಿಗೆ ಕೊಟ್ಟರು, ಅವರು ಕುಡಿದರು. ಇನ್ನು ಈ ದಾರಿಗೆ ಬರಬೇಡಿ ಎಂದಿದ್ದರೆ ಎಷ್ಟೋ ಹಗುರವಾಗುತ್ತಿತ್ತು, ಆಕೆ ಅದನ್ನೂ ಅನ್ನಲಿಲ್ಲ.

ಹೊರಡುವಾಗ ತುಂಗಮ್ಮ ಮಂಡಿನೋವಿನಲ್ಲಿ ಕಾಲೆಳೆಯುತ್ತ ದಣಪೆಯವರೆಗೂ ಜೊತೆಗೆ ಬಂದರು. ಅವರು ಯಾವತ್ತೂ ಹಾಗೆ ಬಂದವರಲ್ಲ. ಕೂತಲ್ಲಿಂದಲೇ ಗಳು ಹಾಕ್ಕೊಂಡು ಹೋಗಿ ಎನ್ನುವವರು. ಪ್ರಸನ್ನಕುಮಾರ್ ಸೈಕಲ್ ದಾಟಿಸಿ, ಸ್ಟ್ಯಾಂಡ್ ಹಾಕಿ, ಬಗ್ಗಿ ಗಳು ಹಿಡಿದರು.

"ಬಿಡಿ," ಎಂದರು ತುಂಗಮ್ಮ, ಮೆಲ್ಲಗೆ ಅದನ್ನು ಅವರ ಕೈಯಿಂದ ತೆಗೆದುಕೊಳ್ಳುತ್ತ. "ನಾನೇ ಹಾಕ್ಕೋತೀನಿ."