ಯೋಸೇಫ ತಂದ ಕುರಿಗಳು

“ಅಣ್ಣ, ಇವು ನಿಮ್ಮವು,” ಎಂದು ಪಕ್ಕದೂರಿನ ಯೋಸೇಫ ನಮ್ಮ ಮನೆ ಮುಂದೆ ನಿಂತಾಗ ಅವನ ಹಿಂದೆ ನಾಲ್ಕು ಕುರಿಗಳಿದ್ದವು. ಐದಿದ್ದವೋ ಏನೋ, ಈಗ ಖಚಿತವಾಗಿ ಹೇಳಲಾರೆ. ಎಪ್ಪತ್ತರ ದಶಕದ ಕೊನೆ. ಕಾಲೇಜಿನ ರಜೆಗೆ ನಾನು ಹುಲಿಕುಂಟೆ ಹತ್ತಿರದ ನಮ್ಮೂರಿಗೆ ಬಂದಿದ್ದೆ.

ಅಪ್ಪನಿಗೆ ಏನೂ ಅರ್ಥವಾಗಲಿಲ್ಲ. ಯೋಸೇಫ ತಲೆ ತಗ್ಗಿಸಿಕೊಂಡೇ ಹೇಳಿದ. ಆರು ವರ್ಷದ ಹಿಂದೆ ನಮ್ಮ ಮಂದೆಯಿಂದ ತಪ್ಪಿಸಿಕೊಂಡ ಹೆಣ್ಣುಮರಿಯೊಂದನ್ನು ಅವನು ನಮ್ಮದೆಂದು ತೋರುವ ಕಿವಿಯ ಗುರುತು ಬದಲಿಸಿ ಇಟ್ಟುಕೊಂಡಿದ್ದನಂತೆ. ಅದು ಸತ್ತುಹೋಗಿತ್ತು, ಇವು ಅದರ ಮರಿಗಳು. ಹಿಂದಿನ ಭಾನುವಾರ ಚರ್ಚಿನಲ್ಲಿ ಪ್ರಭುಭೋಜನದ ರೊಟ್ಟಿಗೆ ಕೈ ಚಾಚಿದವನು, ಕದ್ದದ್ದನ್ನು ಮನೆಯಲ್ಲಿಟ್ಟುಕೊಂಡು ಅದನ್ನು ತಿನ್ನಲು ಮನಸ್ಸೊಪ್ಪದೆ ಎದ್ದು ಬಂದಿದ್ದ.

ಅಪ್ಪ ಒಂದು ಕುರಿಯ ಬೆನ್ನು ತಡವಿ ನಕ್ಕರು. “ಚೆನ್ನಾಗ್ ಮೇಯ್ಸಿದ್ದೀಯ ಕಣ್ಲಾ! ಪಾಲಿಗೆ ಸಾಕ್ದೆ ಅನ್ಕೊ. ಅರ್ಧ ನಿಂದು, ಹೊಡ್ಕೊಂಡ್ ಹೋಗು.” ಬೇರೆಯವರ ಕುರಿ ಸಾಕಿ ಮರಿಗಳಲ್ಲಿ ಅರ್ಧ ಪಡೆಯುವುದು ನಮ್ಮ ಕಡೆಯ ಪದ್ಧತಿ.

ಯೋಸೇಫ ಕದಲಲಿಲ್ಲ. “ಪಾಲು ಅಂದ್ಬುಟ್ರೆ ಹೆಂಗಣ್ಣ? ನಾನು ಕದ್ದಿದ್ದು.”

ಅಪ್ಪ ಕುರಿಯ ಬೆನ್ನಿನಿಂದ ಕೈ ತೆಗೆದರು. ಆಮೇಲೆ, “ಆಯ್ತು, ಕದ್ದಿದ್ದೀಯ. ಕುರಿ ಎಲ್ಲಾ ನಾನೇ ಇಟ್ಕಂತೀನಿ. ಒಳಿಕ್ ಬಾ, ಮುದ್ದೆ ಉಣ್ಣು,” ಎಂದರು. ಯೋಸೇಫ ಅತ್ತದ್ದು ಆಗಲೇ.

ಆ ರಜೆಯಲ್ಲಿ ಬೇಕಾದಷ್ಟು ಬಿಡುವಿದ್ದರೂ, ಹಾಸಿಗೆ ಹಿಡಿದಿದ್ದ ಗೆಳೆಯನೊಬ್ಬನನ್ನು ನೋಡಲು ‘ಹೋಗಲಾಗಲಿಲ್ಲ’ ಎಂದು ನಾನು ದಿನಚರಿಯಲ್ಲಿ ಬರೆದುಕೊಂಡಿದ್ದೆ. ಆ ಸಂಜೆ ಅದನ್ನು ಹೊಡೆದುಹಾಕಿ, ‘ಹೋಗಲಿಲ್ಲ’ ಎಂದು ತಿದ್ದಿದೆ. ಮರುದಿನ ಮಧುಗಿರಿಯ ಬಸ್ ಹತ್ತಿ ಅವನ ಮನೆಗೆ ಹೋದೆ.