ಆಸ್ಪತ್ರೆಯ ಲೈನು ಮೊದಲು

ಟೆಲಿಫೋನ್ ಇಲಾಖೆಯಿಂದ ನಿವೃತ್ತನಾದವನು ನಾನು. ನನ್ನ ಬಾಯಿಗೆ ಮಾತ್ರ ಇನ್ನೂ ನಿವೃತ್ತಿ ಸಿಕ್ಕಿಲ್ಲ. ಕೊರೊನಾ ಕಾಲದಲ್ಲಿ ಹೊರದೇಶದ ನಿಲಾಯ್ ಎಂಬ ಊರಿನಲ್ಲಿದ್ದ ಮಗಳ ಮನೆಯಲ್ಲಿ ಸಿಕ್ಕಿಹಾಕಿಕೊಂಡು, ಮೊಮ್ಮಗಳ ಜೊತೆ ಖುಷಿಯಾಗಿಯೇ ಇದ್ದೆ ಅನ್ನಿ. ನನ್ನ ಮಾತು ಕೇಳುವ ತಾಳ್ಮೆಯಿದ್ದ ಇನ್ನೊಬ್ಬನೆಂದರೆ ಪಕ್ಕದ ಫ್ಲ್ಯಾಟಿನ ವಿದ್ಯಾರ್ಥಿ, ಯೆಮನ್ ದೇಶದ ಸಾಲಿಂ.

ಒಂದು ಮಧ್ಯಾಹ್ನ ಅವನು ಲಿಫ್ಟಿನ ಮುಂದೆ ಫೋನ್ ಹಿಡಿದು ಚಡಪಡಿಸುತ್ತಿದ್ದ.

"ನಮ್ಮೂರಿನ ಫೋನ್ ಟವರಿಗೆ ಬಾಂಬ್ ಹಾಕಿದ್ದಾರೆ ಅಂಕಲ್. ಅಕ್ಕ ತುಂಬು ಗರ್ಭಿಣಿ. ನೋವು ಶುರುವಾದರೆ ಅಂಬ್ಯುಲೆನ್ಸ್ ಕರೆಯೋದು ಹೇಗೆ?"

"ಹೆದರಬೇಡಪ್ಪ," ಅಂದೆ, ಇಲಾಖೆಯ ಠೀವಿಯಲ್ಲೇ. "ನೆರೆ ಬರಲಿ, ಮುಷ್ಕರವಿರಲಿ, ನಾವು ಆಸ್ಪತ್ರೆಯ ಲೈನನ್ನೇ ಮೊದಲು ಸರಿಮಾಡ್ತಿದ್ದದ್ದು. ಅಲ್ಲಿಯವರೂ ಮಾಡ್ತಾರೆ."

"ಸರಿಮಾಡೋಕೆ ಹೋದವರ ಮೇಲೂ ಹಾಕಿದರು, ಅಂಕಲ್."

ನನಗೆ ಮೈಯೆಲ್ಲ ಉರಿದುಹೋಯಿತು. ಸೈನ್ಯದವರಿಗೆ ಅವರದೇ ವೈರ್‌ಲೆಸ್ ಇರುತ್ತದೆ. ಟವರ್ ಉರುಳಿದರೆ ದಿಕ್ಕು ತೋಚದೆ ಕೂರುವವರು ಬಸುರಿಯರು, ಮುದುಕರು, ಕಾಯಿಲೆಯವರು. ಏಣಿ ಹತ್ತಿದ ಲೈನ್‌ಮನ್‌ನನ್ನು ಕೊಲ್ಲುವುದು ಯಾವ ಸೀಮೆಯ ಶೌರ್ಯ?

ವಾರದ ಮೇಲೆ ಸಾಲಿಂನ ಮಾವ ಬೇರೆ ಊರಿಗೆ ಹೋಗಿ ಕರೆ ಮಾಡಿದರು. ಅಕ್ಕನನ್ನು ತರಕಾರಿ ಗಾಡಿಯಲ್ಲಿ ಆಸ್ಪತ್ರೆಗೆ ಒಯ್ದರಂತೆ. ಅವಳು ಉಳಿದಳು, ಮಗು ಉಳಿಯಲಿಲ್ಲ.

ಅದಾದ ಕೆಲವು ದಿನಕ್ಕೆ ನಮ್ಮಿಬ್ಬರ ಫೋನಿಗೂ ಒಂದು ಸಂದೇಶ ಬಂತು: ನಾಳೆ ರಿಪೇರಿಗಾಗಿ ನೆಟ್‌ವರ್ಕ್ ಒಂದು ಗಂಟೆ ಇರುವುದಿಲ್ಲ, ಕ್ಷಮಿಸಿ.

"ಇಲ್ಲಿ ಮೊದಲೇ ಹೇಳಿ ಕ್ಷಮೆ ಬೇರೆ ಕೇಳ್ತಾರೆ ಲಾ," ಅಂದ ಸಾಲಿಂ, ಈ ಊರಿನವರ ಹಾಗೆ ಕೊನೆಗೊಂದು 'ಲಾ' ಸೇರಿಸಿ; ಆಮೇಲೆ ಸಂದೇಶವನ್ನು ಮತ್ತೊಮ್ಮೆ ಓದಿದ.

ಇಂಥ ಪ್ರಕಟಣೆಗಳಿಗೆ ಜನರಿಂದ ಬೈಸಿಕೊಂಡೇ ನೌಕರಿ ಮುಗಿಸಿದವನು ನಾನು. ಅಂಥದೊಂದನ್ನು ಒಬ್ಬ ಎರಡೆರಡು ಸಲ ಓದಿದ್ದನ್ನು ನೋಡಿದ್ದು ಅದೇ ಮೊದಲು.